ಹೊರಟ ದಿನದ ಒಗೆತ

ಸೋಮವಾರ. ಹಿತ್ತಲ ಗಲ್ಲಿಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲರ ಬಟ್ಟೆಯೂ ಗಾಳಿಗೆ ಪಟಪಟ ಅನ್ನುತ್ತಿತ್ತು, ಹಿಲ್ಡಾಳ ಹಗ್ಗ ಮಾತ್ರ ಖಾಲಿ. ಗಂಡ ವಾಲ್ಟರ್ ಬೆಳಗಿನ ಉಬ್ಬರಕ್ಕೆ ಮೀನುಹಡಗು ಹತ್ತಿ ಹೋಗಿದ್ದ. ಗಂಡಸು ಸಮುದ್ರಕ್ಕೆ ಹೊರಟ ದಿನ ಮನೆಯಲ್ಲಿ ಬಟ್ಟೆ ಒಗೆಯುವಂತಿಲ್ಲ. ಒಗೆದರೆ ಅವನನ್ನೇ ನೀರಿಗೆ ಬಿಟ್ಟ ಹಾಗೆ. ಬಾಗಿಲಿಗೆ ಬಂದು ಕೈಬೀಸಿ ಕಳಿಸುವಂತಿಲ್ಲ, ಹೊರಟವನು ತಿರುಗಿ ನೋಡುವಂತಿಲ್ಲ. ಇಂಗ್ಲೆಂಡಿನ ಹಲ್ ಬಂದರಿನ ಈ ಬೀದಿಯಲ್ಲಿ ಇವನ್ನೆಲ್ಲ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ, ತಪ್ಪಿದವರನ್ನು ನೋಡಿ ಕಲಿಯುತ್ತಾರೆ. ಹೋದ ವರ್ಷದಿಂದ ಹಿಲ್ಡಾಳನ್ನು ನೋಡಿ ಬಹಳ ಜನ ಕಲಿತಿದ್ದರು. ಪಕ್ಕದ ಮನೆಯ ಮೇಬಲ್ ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡೇ ಗೋಡೆಯಾಚೆಯಿಂದ, "ಏನ್ ಹಿಲ್ಡಾ, ಇವತ್ತು ಆರಾಮ!" ಅಂದಳು. "ಹೂಂ, ವಾಲ್ಟರ್ ಹೊರಟ್ರಲ್ಲ" ಎಂದಳು ಹಿಲ್ಡಾ. ಮೇಬಲ್ ಕ್ಲಿಪ್ಪು ತೆಗೆದು ಇನ್ನೇನೋ ಹೇಳಲು ಹೋಗಿ, ಹೇಳದೆ, ಮತ್ತೆ ಬಾಯಿಗಿಟ್ಟುಕೊಂಡಳು. ನುಂಗಿಕೊಂಡ ಮಾತು ಯಾವುದೆಂದು ಹಿಲ್ಡಾಳಿಗೆ ಗೊತ್ತಿತ್ತು. ಬೈದುಬಿಟ್ಟಿದ್ದರೆ ವಾಸಿಯಿತ್ತು.

ಹಾಗೆ ನೋಡಿದರೆ ಅವಳು ಈ ಶಾಸ್ತ್ರಗಳನ್ನು ನಂಬಿದವಳೇ ಅಲ್ಲ. ಒಳನಾಡಿನ ಹೊಲಮನೆಯಲ್ಲಿ ಹುಟ್ಟಿದವಳು. ಅಲ್ಲಿ ಬಿಸಿಲು ಬಂದ ದಿನ ಒಗೆಯುತ್ತಿದ್ದರು, ಅಷ್ಟೇ. ಮದುವೆಯಾಗಿ ಬಂದ ಮೊದಲ ವಾರ ಊಟದ ಹೊತ್ತಿಗೆ ತನ್ನಪ್ಪ ಹಂದಿ ಸಾಕುತ್ತಾನೆ ಎಂದದ್ದಕ್ಕೆ ಅತ್ತೆ ಥರ್ಜಾ ಎದ್ದು ಬಾಗಿಲ ಚಿಲಕದ ತಣ್ಣನೆಯ ಕಬ್ಬಿಣ ಮುಟ್ಟಿ ಬಂದಿದ್ದಳು. ಮೀನುಗಾರರ ಮನೆಯಲ್ಲಿ ಆ ಪ್ರಾಣಿಯ ಹೆಸರೆತ್ತಬಾರದಂತೆ. ಅಂದಿನಿಂದ ತನ್ನಪ್ಪ ಏನು ಸಾಕುತ್ತಾನೆಂದು ಕೇಳಿದವರಿಗೆ ಹಿಲ್ಡಾ "ಅದನ್ನ" ಎಂದು ಹೇಳುತ್ತ ಬಂದಳು. ಮಗ ಸಿರಿಲ್ ಚಿಕ್ಕವನಿದ್ದಾಗ ಇದನ್ನು ಕೇಳಿ ಬಿದ್ದೂಬಿದ್ದೂ ನಗುತ್ತಿದ್ದ. "ಅಮ್ಮ, ತಾತ ಅದರ ಮಾಂಸ ಕಳಿಸಿದಾರೆ, ಅದರ ಮಾಂಸ!" ಆ ಸಿರಿಲ್‌ನನ್ನು ಒಂದು ಬೇಸಿಗೆಯಲ್ಲಿ ಅಪ್ಪ ತನ್ನ ಹಡಗಿನಲ್ಲಿ ಕರೆದೊಯ್ದ. ಹೋದಾಗಿನಿಂದ ಬರುವವರೆಗೆ ಹುಡುಗ ಬಕೆಟ್ಟು ತಬ್ಬಿಕೊಂಡೇ ಕೂತಿದ್ದನಂತೆ. ಹಡಗಿನವರು ಅವನಿಗೆ ಬಕೆಟ್ಟು ಎಂದೇ ಹೆಸರಿಟ್ಟರು. "ಹೊಲದವಳ ರಕ್ತ" ಎಂದಳು ಥರ್ಜಾ. ಆಮೇಲೆ ಅವನು ಮೀನಿಗೆ ಹೊಗೆ ಹಾಕುವ ಕಾರ್ಖಾನೆ ಸೇರಿದ. ಸಂಜೆ ಮನೆಗೆ ಬಂದರೆ ತಲೆಗೂದಲಿನಿಂದ ಹಿಡಿದು ಕಾಲುಚೀಲದವರೆಗೆ ಹೊಗೆಯ ವಾಸನೆ. ಯುದ್ಧ ಬಂತು. ಸೇರುವ ವಯಸ್ಸಾದೊಡನೆ ವಿಮಾನದಳಕ್ಕೆ ಹೆಸರು ಕೊಟ್ಟು ಬಂದ. ಬಾಂಬು ಹಾಕುವ ದೊಡ್ಡ ವಿಮಾನದ ಬಾಲದಲ್ಲಿ, ಗಾಜಿನ ಗೂಡಿನೊಳಗೆ, ಬಂದೂಕುಗಳ ಹಿಂದೆ ಒಬ್ಬನೇ ಕೂರುವ ಕೆಲಸ. ಹೊರಟ ಮೇಲೆ ಹಿಂದಿರುಗಿ ನೋಡಬಾರದು ಎನ್ನುವ ಕುಲದಲ್ಲಿ ಹುಟ್ಟಿದವನಿಗೆ ಸರ್ಕಾರ ಹಿಂದಕ್ಕೆ ನೋಡುವ ಕೆಲಸವನ್ನೇ ಹುಡುಕಿ ಕೊಟ್ಟಿತ್ತು.

ಹಿಲ್ಡಾ ಒಳಗೆ ಬಂದು ಆಲೂಗೆಡ್ಡೆ ಹೆರೆಯತೊಡಗಿದಳು. ಒಲೆಯ ಪಕ್ಕ ಅತ್ತೆ ಗೋಡೆಯ ಕೊಕ್ಕೆಗೆ ಬಲೆ ಸಿಕ್ಕಿಸಿ ಹೆಣೆಯುತ್ತ ಕೂತಿದ್ದಳು. ಮುದುಕಿಗೆ ಕಿವಿ ಮಂದ. ಮಾತಾಡಿಸಬೇಕಾದರೆ ಮುಂದೆ ಹೋಗಿ ನಿಂತು ಕೂಗಬೇಕು. "ಬೆನ್ನು ನೋವು" ಎಂದಳು ಯಾರಿಗೂ ಅಲ್ಲದ ಹಾಗೆ. "ಆ ಹಾಸಿಗೆ ನಡುವಿನ ಹೊಲಿಗೆ, ರಾತ್ರಿಯೆಲ್ಲ ಒತ್ತುತ್ತೆ." ಮನೆಯ ದುಪ್ಪಟಿಗಳೆಲ್ಲ ನಡುವೆ ಸವೆದು ಹರಿದು, ಎರಡಾಗಿ ಸೀಳಿ, ಅಂಚುಗಳನ್ನು ನಡುವಿಗೆ ತಂದು ಹೊಲಿದವು. ಹೊಸದು ಕೊಳ್ಳಲು ಪಡಿತರದ ಕೂಪನ್ನಿಲ್ಲ. ಮಹಡಿಯ ಪೆಟ್ಟಿಗೆಯಲ್ಲಿ ಒಂದು ಗಟ್ಟಿ ದುಪ್ಪಟಿ ಮಡಚಿ ಇಟ್ಟಿರುವುದು ಇಬ್ಬರಿಗೂ ಗೊತ್ತು. ಅದರ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಅದೂ ಈ ಮನೆಯಲ್ಲಿ ಹೆಸರೆತ್ತಬಾರದ ಇನ್ನೊಂದು ಪ್ರಾಣಿಯಾಗಿತ್ತು.

ಹೋದ ವರ್ಷದ ಆ ದಿನವೂ ಸೋಮವಾರವೇ. ರಜೆ ಮುಗಿದು ಸಿರಿಲ್ ಹೊರಡುವ ದಿನ. ಹಿಂದಿನ ದಿನ ಮೇಬಲ್‌ಳ ಗಂಡ ಬಂದು ಬೆನ್ನು ತಟ್ಟಿ, "ಕೊಟ್ಟು ಬಂದ್ಯೇನೋ ಆ ಜರ್ಮನಿಯವರಿಗೆ? ನಮ್ಮ ಬೀದಿ ಸುಟ್ಟಿದ್ದಕ್ಕೆ ಸರಿಯಾಗಿ ಕೊಟ್ಯಾ?" ಎಂದು ಕೇಳಿದ್ದ. ಸಿರಿಲ್ ತಟ್ಟೆ ನೋಡುತ್ತ ಕೂತಿದ್ದ. ಆಮೇಲೆ ಪಾತ್ರೆ ಒರೆಸುತ್ತ ಅವಳೊಬ್ಬಳಿಗೇ ಹೇಳಿದ: "ಮುಂದೆ ಕೂತೋರಿಗೆ ಏನೂ ಕಾಣಲ್ಲಮ್ಮ. ಹಾಕ್ತಾರೆ, ತಿರುಗಿಸ್ತಾರೆ, ಮನೆ ಕಡೆ ಮುಖ. ನಾನು ಹಿಂದಕ್ಕೆ ನೋಡ್ತಾ ಕೂತಿರ್ತೀನಿ. ಊರು ಉರೀತಾನೇ ಇರುತ್ತೆ. ಎಷ್ಟು ದೂರ ಬಂದ್ರೂ ಕಾಣ್ತಾನೇ ಇರುತ್ತೆ." ಅವಳು, "ಆ ಬಟ್ಟಲು ಸರಿಯಾಗಿ ಒರೆಸು" ಎಂದುಬಿಟ್ಟಿದ್ದಳು. ಮಾರನೆಯ ಬೆಳಿಗ್ಗೆ ಚಹಾ ತೆಗೆದುಕೊಂಡು ಹೋದರೆ ಮಂಚದ ಅಂಚಿನಲ್ಲಿ ಕಂಬಳಿ ಎಳೆದುಕೊಂಡು ಕೂತಿದ್ದಾನೆ, ಕೋಣೆಯ ತುಂಬ ವಾಸನೆ. ಹಾಲುಗಲ್ಲದ ದಿನಗಳ ಅದೇ ವಾಸನೆ, ಈಗ ದೊಡ್ಡ ಗಂಡಸಿನದು. "ನೀರು ಚೆಲ್ಲಿತು" ಎಂದ. ಕೋಣೆಯಲ್ಲಿ ನೀರಿನ ಲೋಟವೇ ಇರಲಿಲ್ಲ. "ಚೆಲ್ಲುತ್ತೆ ಬಿಡು" ಎಂದಳು. "ಅಜ್ಜಿಗೆ ಹೇಳ್ಬೇಡಮ್ಮ." ಅಷ್ಟೇ ಮಾತು. ಅವನು ಗಡ್ಡ ಹೆರೆದುಕೊಳ್ಳುವುದರೊಳಗೆ ಅವಳು ದುಪ್ಪಟಿಯನ್ನು ಒಗೆದು, ಹಿಂಡಿ, ಗಲ್ಲಿಯ ಹಗ್ಗಕ್ಕೆ ಹಾಕಿಬಿಟ್ಟಿದ್ದಳು. ಎಲ್ಲ ಹೋಯಿತು, ಗುರುತೇ ಇಲ್ಲ, ಎಂದು ಅವನು ನೋಡಿಕೊಂಡು ಹೋಗಲಿ ಅಂತ. ಯಾವ ದಿನ ಏನು ಮಾಡುತ್ತಿದ್ದೇನೆ ಎಂಬುದು ತಲೆಗೇ ಬರಲಿಲ್ಲ. ಅವನು ಚೀಲ ಹೆಗಲಿಗೇರಿಸಿ ಹಿತ್ತಲ ಬಾಗಿಲಿಂದ ಹೊರಟ. ಗಲ್ಲಿಯಲ್ಲಿ ತನ್ನದೇ ಒದ್ದೆ ದುಪ್ಪಟಿಯ ಕೆಳಗೆ ತಲೆ ತಗ್ಗಿಸಿ ದಾಟಿದ. ಅದು ಅವನ ಮುಖಕ್ಕೆ ತಾಗಿ ಟೋಪಿ ಓರೆಯಾಯಿತು. ಕ್ಷಣ ನಿಂತ. ಟೋಪಿ ಸರಿಮಾಡಿಕೊಂಡ. ತಿರುಗಿ ನೋಡದೆ ಹೋದ.

ಅದೇ ವಾರ ತಂತಿ ಬಂತು. ವಿಮಾನ ಮರಳಿಲ್ಲ. ಆಮೇಲೆ ಜರ್ಮನಿಯ ಯಾವುದೋ ಹಳ್ಳಿಯ ಚರ್ಚಿನ ಅಂಗಳದಲ್ಲಿ ಹೂಳಿದ್ದಾರೆ ಎಂಬ ಸುದ್ದಿಯೂ ಬಂತು. ತಂತಿ ಬಂದ ದಿನ ಮನೆ ತುಂಬ ಹೆಂಗಸರು ನೆರೆದಿದ್ದಾಗ ಥರ್ಜಾ ಒಂದೇ ಒಂದು ಮಾತು ಅಂದಿದ್ದಳು: "ಒಗೆದು ಕಳಿಸಿಬಿಟ್ಟೆ." ಮತ್ತೆಂದೂ ಅನ್ನಲಿಲ್ಲ. ಅನ್ನುವ ಅಗತ್ಯವೂ ಬೀಳಲಿಲ್ಲ. ಬ್ರೆಡ್ಡಿನ ಸಾಲಿನಲ್ಲಿ ಹೆಂಗಸರು ಹಿಲ್ಡಾಳಿಗೆ ಸ್ವಲ್ಪ ಹೆಚ್ಚೇ ಜಾಗ ಬಿಡತೊಡಗಿದರು. ಯಾಕೆ ಒಗೆದೆ ಎಂದು ಒಬ್ಬರೂ ಕೇಳಲಿಲ್ಲ, ಕೇಳಿದ್ದರೂ ಅವಳು ಹೇಳುವವಳಲ್ಲ. ಹೇಳಿದರೆ ಇಡೀ ಬಂದರಿಗೆ ಅವನು ಮತ್ತೆ ಬಕೆಟ್ಟಾಗುತ್ತಿದ್ದ. ನಂಬದ ಶಾಸ್ತ್ರದ ಪಾಪ ತನಗೆ ತಟ್ಟುವುದಿಲ್ಲ ಎಂದು ಹಗಲಲ್ಲಿ ವಾದಿಸಿಕೊಳ್ಳುತ್ತಿದ್ದಳು. ಆದರೆ ಬೇರೆ ಒಂದು ಇತ್ತು, ಅದಕ್ಕೆ ವಾದವಿರಲಿಲ್ಲ. ಅವನು ತಿರುಗಿ ನೋಡದೆ ಹೋದದ್ದು ನಾಚಿಕೆಗೋ? ತನ್ನ ಉಚ್ಚೆಯ ಬಟ್ಟೆಯನ್ನು ಅಮ್ಮ ಬೀದಿಗೆ ನೇತುಹಾಕಿದಳು, ಅದರ ಕೆಳಗೆ ತನ್ನನ್ನು ನಡೆಸಿದಳು ಎಂದುಕೊಂಡು, ಅದನ್ನೇ ಹೊತ್ತುಕೊಂಡು ಆ ಗಾಜಿನ ಗೂಡಿನಲ್ಲಿ ಹೋಗಿ ಕೂತನೋ? ಸತ್ತವನನ್ನು ಕೇಳುವ ಹಾಗಿಲ್ಲ. ಬದುಕಿದವರಲ್ಲಿ ಯಾರಿಗೂ ಗೊತ್ತಿಲ್ಲ. ಹೆರೆದ ಗೆಡ್ಡೆ ನೀರಿಗೆ ಹಾಕಿ ಹಿಲ್ಡಾ ಇನ್ನೊಂದನ್ನು ಕೈಗೆತ್ತಿಕೊಂಡಳು.

ಕಿಟಕಿಯಾಚೆ, ಮೇಬಲ್‌ಳ ದುಪ್ಪಟಿಗಳ ಕೆಳಗೆ, ನೀಲಿ ಸಮವಸ್ತ್ರದವನೊಬ್ಬ ತಲೆ ತಗ್ಗಿಸಿ ದಾಟಿ ಬರುತ್ತಿದ್ದ. ಟೋಪಿ ಓರೆಯಾಗಿತ್ತು. ಚಾಕು ಕೈಯಿಂದ ಜಾರಿ ಕಾಲ ಬಳಿ ಬಿತ್ತು. ಹಿಲ್ಡಾಳ ಬಾಯಿಂದ ಹೆಸರು ಹೊರಡುವುದೊಂದೇ ಬಾಕಿ. ಅವನು ತಲೆ ಎತ್ತಿದ. ಬೇರೆ ಯಾರೋ. ಕಪ್ಪು ಕೂದಲು, ಕೃಶವಾದ ಮುಖ. ಅವನ ಮೇಲೆ ಅವಳಿಗೆ ಬಂದ ಸಿಟ್ಟು ಎಷ್ಟಿತ್ತೆಂದರೆ ಬಾಗಿಲು ತೆರೆಯುವಾಗ ನಗುವುದಕ್ಕೇ ಆಗಲಿಲ್ಲ.

"ಮಿಸೆಸ್ ಸ್ಟ್ಯಾದರ್ಸ್ ಅಲ್ವಾ? ನಾನು ಐವರ್. ಸಿರಿಲ್ ವಿಮಾನದಲ್ಲಿ ರೇಡಿಯೊ ನೋಡ್ಕೋತಿದ್ದೆ. ಮುಂದಿನ ಬಾಗಿಲು ತಟ್ದೆ, ಯಾರೂ ಬರ್ಲಿಲ್ಲ."

"ಮುಂದಿನ ಬಾಗಿಲು ನಾವು ಹೆಣಕ್ಕೆ ಮಾತ್ರ ತೆಗೆಯೋದು. ಬಾಪ್ಪ, ಒಳಗೆ ಬಾ" ಎಂದಳು.

ವೇಲ್ಸ್ ಕಡೆಯ ಹುಡುಗ. ಯುದ್ಧ ಮುಗಿದ ಮೇಲೆ ಜರ್ಮನಿಯ ಸೆರೆಯಿಂದ ಈ ಬೇಸಿಗೆಯಲ್ಲಿ ಬಿಡಿಸಿಕೊಂಡು ಬಂದವನು. ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ಬ್ರೆಡ್ಡನ್ನು ಒಂದು ಚೂರೂ ಬೀಳದ ಹಾಗೆ ಅಂಗೈ ಹಿಡಿದು ತಿನ್ನುತ್ತಿದ್ದ. "ಯಾರೇ ಅದು?" ಎಂದಳು ಥರ್ಜಾ. ಹಿಲ್ಡಾ ಮುಂದೆ ನಿಂತು, "ಸಿರಿಲ್ ಜೊತೆಗಿದ್ದವನು, ಅತ್ತೆ! ವಿಮಾನದವನು!" ಎಂದು ಕೂಗಿದಳು. ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿ, "ತಿನ್ನಕ್ಕೆ ಹಾಕು" ಎಂದು ಬಲೆಗೆ ಕೈಹಾಕಿದಳು. ಐವರ್‌ಗೂ ಗಟ್ಟಿಯಾಗಿ ಮಾತಾಡಬೇಕೆಂದು ಅರ್ಥವಾಯಿತು. ಸಿರಿಲ್ ಬಗ್ಗೆ ಕೂಗಿ ಕೂಗಿ ಹೇಳಿದ. ಬಾಲದಲ್ಲಿ ಕೂರೋದು ಅಂದ್ರೆ ಹುಡುಗಾಟ ಅಲ್ಲ, ಇಡೀ ವಿಮಾನದಲ್ಲಿ ಅಲ್ಲಿ ಎತ್ತಿ ಹಾಕುವಷ್ಟು ಬೇರೆಲ್ಲೂ ಹಾಕುವುದಿಲ್ಲ. ಒಬ್ಬೊಬ್ಬರು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಬಿಡುತ್ತಾರೆ. "ನಾನೂ ಕಾರ್ಕೊಂಡಿದೀನಿ, ನಮ್ಮ ಪೈಲಟ್ಟೂ ಕಾರ್ಕೊಂಡಿದಾನೆ. ಸಿರಿಲ್ ಒಂದೇ ಒಂದು ಸಲ ಇಲ್ಲ, ಅಜ್ಜಿ!" ಥರ್ಜಾಳ ಕೈ ನಿಂತಿತು. "ನೋಡ್ದ್ಯೇನೇ?" ಎಂದು ಸೊಸೆಯ ಕಡೆ ತಿರುಗಿದಳು, "ಸ್ಟ್ಯಾದರ್ಸ್ ರಕ್ತ." ಇಷ್ಟು ವರ್ಷ ಹೊಲದವಳದಾಗಿದ್ದ ರಕ್ತ ಒಂದು ಮಾತಿಗೆ ಸಮುದ್ರದ್ದಾಗಿಬಿಟ್ಟಿತು. ಹಿಲ್ಡಾಳಿಗೆ ನಗು ಬಂತು. ಮಗನ ವಿಷಯಕ್ಕೆ ನಗು ಬಂದು ಎಷ್ಟು ಕಾಲವಾಗಿತ್ತೋ.

ಆಮೇಲೆ ಆ ರಾತ್ರಿಯದು. ಶತ್ರುವಿನ ವಿಮಾನ ಕತ್ತಲಿನಿಂದ ಬಂದದ್ದನ್ನು ಮೊದಲು ಕಂಡವನು ಸಿರಿಲ್. ಕೂಗಿ ಹೇಳಿದ, ಪೈಲಟ್ ಪಕ್ಕಕ್ಕೆ ಉರುಳಿಸಿದ, ಮೊದಲ ಗುಂಡುಗಳು ತಪ್ಪಿದವು. ಎರಡನೆಯ ಸಲ ಶತ್ರು ಬಾಲಕ್ಕೇ ಹೊಡೆದ. "ಪ್ಯಾರಾಚೂಟ್ ಕಟ್ಕೊಂಡು ಹಾರಿ ಅಂತ ಅಪ್ಪಣೆ ಆಯ್ತು. ನಾನು ಹಿಂದಕ್ಕೆ ತೆವಳಿಕೊಂಡು ಹೋದೆ, ಅವನನ್ನ ಎಳ್ಕೊಳ್ಳೋಣ ಅಂತ. ನೋವಾಗ್ಲಿಲ್ಲ ಅಂತ ಎಲ್ಲ ತಾಯಂದಿರಿಗೂ ಹೇಳ್ತಾರೆ, ನನಗೆ ಗೊತ್ತು. ನಾನು ಕಣ್ಣಾರೆ ನೋಡಿದೀನಿ, ಅದಕ್ಕೇ ಹೇಳ್ತಿರೋದು. ಕೈ ಬಂದೂಕಿನ ಮೇಲೇ ಇತ್ತು. ಅವನಿಗೆ ಗೊತ್ತೇ ಆಗಿಲ್ಲ." ಮೊದಲ ಸಲ ಸಿರಿಲ್ ಕೂಗದಿದ್ದರೆ ತಾವು ಯಾರೂ ಉಳಿಯುತ್ತಿರಲಿಲ್ಲ ಎಂದ. ಹಿಲ್ಡಾ ತಲೆಯಾಡಿಸಿದಳು. ಅಲ್ಲಿ ಕೆಳಗೆ, ಆ ಉರಿಯುವ ಊರಿನಲ್ಲಿ, ಸೋಮವಾರ ಒಗೆದ ದುಪ್ಪಟಿಗಳನ್ನು ಹಗ್ಗದಿಂದ ತೆಗೆಯಲು ಯಾರಾದರೂ ಉಳಿದಿದ್ದರೇ ಎಂಬ ಯೋಚನೆ ಸುಮ್ಮನೆ ಬಂದು ಹೋಯಿತು. ಸಿರಿಲ್ ಇದ್ದಿದ್ದರೆ ಅವನಿಗೆ ಹೇಳಬಹುದಾಗಿತ್ತು.

ಐವರ್ ಕಪ್ಪನ್ನು ಕೆಳಗಿಟ್ಟ. ಕಿವಿ ಕೆಂಪಾಗಿದ್ದವು. ಥರ್ಜಾಳ ಕಡೆ ಓರೆಗಣ್ಣಿನಿಂದ ನೋಡಿ ದನಿ ತಗ್ಗಿಸಿದ. "ಅಜ್ಜಿಗೆ ಕೇಳ್ಸುತ್ತಾ?"

"ಇಲ್ಲ. ಯಾಕಪ್ಪ?"

"ಇನ್ನೊಂದು ಹೇಳಬೇಕಿತ್ತು. ಅದಕ್ಕೇ ಬಂದದ್ದು ಅಂದ್ರೂ ಸರಿ." ಮೇಜಿನ ಮೇಲೆ ಬೆರಳಿನಿಂದ ಗೀರುತ್ತ ಹೇಳಿದ. "ನನಗೆ... ರಾತ್ರಿ ಹಾಸಿಗೇಲಿ ಆಗಿಬಿಡ್ತಿತ್ತು. ಚಿಕ್ಕ ಮಕ್ಕಳ ಹಾಗೆ. ಒಂದು ಬೆಳಿಗ್ಗೆ ಮಂಚದ ಮೇಲೆ ಕೂತು ಅಳ್ತಿದ್ದೆ, ಯಾರಿಗಾದ್ರೂ ಗೊತ್ತಾದ್ರೆ ಅಂತ. ಸಿರಿಲ್ ಆಗ ತಾನೇ ರಜೆಯಿಂದ ಬಂದಿದ್ದ. ಬಂದು ಪಕ್ಕದಲ್ಲಿ ಕೂತ. ನಂಗೂ ಆಗಿತ್ತು ಕಣೋ ಅಂದ. ನಮ್ಮಮ್ಮ ಒಂದು ಪ್ರಶ್ನೆ ಕೇಳ್ಲಿಲ್ಲ, ಮುಖ ಸಿಂಡರಿಸ್ಲಿಲ್ಲ, ನಾನು ಗಡ್ಡ ತೆಗೆಯೋದ್ರೊಳಗೆ ಒಗೆದು ಹಾಕಿಬಿಟ್ಟಿದ್ಲು ಅಂದ. ಗಲ್ಲೀಲಿ ಆ ಒದ್ದೆ ಬಟ್ಟೆ ಮುಖಕ್ಕೆ ತಗುಲ್ತಂತೆ. ಬರೀ ಸೋಪಿನ ವಾಸನೆ. ಅಲ್ಲಿಗೆ ಮುಗೀತು, ಏನೂ ಉಳಿದಿಲ್ಲ, ಅಂತ ಅನ್ನಿಸ್ತಂತೆ."

ಹಿಲ್ಡಾ ಎರಡೂ ಕೈಯಿಂದ ಮೇಜನ್ನು ಹಿಡಿದುಕೊಂಡಳು. "ತಿರುಗಿ ನೋಡ್ಲಿಲ್ಲ ಅವನು" ಎಂದಳು. ಮಾತಾಡಿದ್ದು ತಾನೇ ಎಂದು ಆಮೇಲೆ ಗೊತ್ತಾಯಿತು.

ಐವರ್ ನಕ್ಕುಬಿಟ್ಟ. "ಅದನ್ನೂ ಹೇಳಿದ್ದ! ತಿರುಗಿ ನೋಡಬೇಕು ಅಂತ ಬಹಳ ಆಗಿತ್ತಂತೆ. ನಮ್ಮಜ್ಜಿ ಕಿಟಕೀಲಿ ನಿಂತಿದ್ಲು ಕಣೋ, ತಿರುಗಿದ್ರೆ ಜನ್ಮ ಜಾಲಾಡಿಬಿಡ್ತಿದ್ಲು ಅಂದ."

ಎಷ್ಟು ಸಣ್ಣದು. ಅಜ್ಜಿಯ ಬೈಗುಳಕ್ಕೆ ಹೆದರಿ ಹುಡುಗ ಕತ್ತು ನೇರ ಇಟ್ಟುಕೊಂಡು ಹೋದ, ಅಷ್ಟೇ. ಅದರ ಸುತ್ತ ಇವಳು ಒಂದು ವರ್ಷದಿಂದ ಗೋಡೆ ಕಟ್ಟಿಕೊಂಡು ಒಳಗೆ ಕೂತಿದ್ದಳು. ಹಿಲ್ಡಾಳಿಗೆ ಸಮಾಧಾನವಾಯಿತು, ಮಗ ಸತ್ತ ಮಾತು ಕೇಳುತ್ತ ಹೀಗೆ ಹಾಯೆನಿಸುವುದು ಸರಿಯೇ ಎಂದು ಕೇಳಿಕೊಳ್ಳುವುದಕ್ಕೂ ಬಿಡುವಿಲ್ಲದಷ್ಟು ಸಮಾಧಾನವಾಯಿತು. ಕಣ್ಣಲ್ಲಿ ನೀರು ಹರಿಯುತ್ತಿತ್ತು, ಅದನ್ನು ಒರೆಸಿಕೊಳ್ಳದೆ ಎದ್ದು, ವಾಲ್ಟರ್‌ಗೆಂದು ಎತ್ತಿಟ್ಟಿದ್ದ ಸಕ್ಕರೆಯನ್ನೂ ಹಾಕಿ ಹುಡುಗನಿಗೆ ಇನ್ನೊಂದು ಚಹಾ ಮಾಡಿದಳು. "ನಿನಗೆ ಈಗ್ಲೂ ಆಗುತ್ತಾ?" ಎಂದು ಮೆಲ್ಲಗೆ ಕೇಳಿದಳು. "ಒಂದೊಂದು ಸಲ." "ನಿಮ್ಮಮ್ಮನಿಗೆ ಗೊತ್ತಾ?" ಅವನು ತಲೆಯಲ್ಲಾಡಿಸಿದ. "ಹೇಳಪ್ಪ. ಒಗೀತಾಳೆ" ಎಂದಳು. ರೈಲಿಗೆ ಹೊತ್ತಾಯಿತೆಂದು ಅವನು ಎದ್ದ. ಗಲ್ಲಿಯಲ್ಲಿ ಮೇಬಲ್‌ಳ ದುಪ್ಪಟಿಗಳ ಕೆಳಗೆ ತಗ್ಗಿ, ಆ ಕಡೆ ಹೋಗಿ, ತಿರುಗಿ ಕೈಬೀಸಿದ. ಬಂದರಿನವನಲ್ಲವಲ್ಲ, ಅವನಿಗೇನು ಗೊತ್ತು. ಅವಳೂ ಬೀಸಿದಳು.

ಒಳಗೆ ಬಂದಾಗ ಬಲೆ ಕೊಕ್ಕೆಯಿಂದ ಜಾರಿ ಥರ್ಜಾಳ ತೊಡೆಯ ಮೇಲೆ ಬಿದ್ದಿತ್ತು. ಎಷ್ಟು ಹೊತ್ತಿನಿಂದ ಕೈ ನಿಂತಿತ್ತೋ, ಹಿಲ್ಡಾ ಗಮನಿಸಿರಲಿಲ್ಲ.

"ಉಚ್ಚೆ ಹುಯ್ಕೊಂಡಿದ್ನಾ ಮಗು?" ಎಂದಳು ಮುದುಕಿ.

ಹಿಲ್ಡಾ ಅವಳ ಕಡೆ ತಿರುಗಿದಳು. "ನಿಮಗೆ ಕೇಳಿಸ್ತಾ?"

"ನನಗೆ ಬೇಕಾದ್ದು ಕೇಳ್ಸುತ್ತೆ. ಇದನ್ನ ಆಗ್ಲೇ ಯಾಕೆ ಬೊಗಳ್ಲಿಲ್ಲ ನೀನು?"

"ಹೇಳ್ಬೇಡ ಅಂದಿದ್ದ. ಅಜ್ಜಿಗೆ ಹೇಳ್ಬೇಡ ಅಂತ."

ಥರ್ಜಾ ಒಲೆಯ ಕೆಂಡ ಕೆದಕಿದಳು. ಆ ಮಾತು ಅವಳಿಗೆ ತಾಗಿತ್ತು, ತಾಗಲಿ ಎಂದು ಹಿಲ್ಡಾಳಿಗೂ ಅನ್ನಿಸಿತ್ತು. "ಅವನ ತಾತ ಇದ್ನಲ್ಲ, ನಿನ್ನ ಮಾವ" ಎಂದಳು ಕೊನೆಗೆ. "ಐಸ್‌ಲ್ಯಾಂಡ್ ಕಡೆಗೆ ಹೋಗೋನು. ಇಡೀ ಬಂದರಿಗೇ ಗಟ್ಟಿಗ ಅಂತ ಹೆಸರು. ಹೊರಡೋ ದಿನ ಬೆಳಿಗ್ಗೆ ನೋಡಿದ್ರೆ ಹಾಸಿಗೆ ತೊಪ್ಪೆ. ಪ್ರತಿ ಸಲ ಅಲ್ಲ. ಬಹಳ ಸಲ."

"ಮಾವನಿಗಾ?"

"ಮತ್ತೆ ಯಾರಿಗೆ, ಮೇಬಲ್ ಗಂಡನಿಗಾ? ಅವನು ಈ ಗಲ್ಲಿ ದಾಟೋದ್ರೊಳಗೆ ನಾನು ಒಗೆದಿರ್ತಿದ್ದೆ. ನಾರುತ್ತಲ್ಲೇ, ವಾರಗಟ್ಲೆ ಹಾಗೇ ಇಟ್ಕೊಳ್ಳಕ್ಕಾಗುತ್ತಾ?"

"ಹೊರಟ ದಿನಾನೇ?"

"ಹೊರಟ ದಿನಾನೇ. ಒಲೆ ಮುಂದೆ ಒಣಗಿಸ್ತಿದ್ದೆ, ಬಾಗಿಲು ಹಾಕ್ಕೊಂಡು. ನೀನು ಪೆದ್ದಿ, ತಗೊಂಡೋಗಿ ಬೀದಿಗೆ ಹಾಕ್ದೆ."

ಮಾವ ಸತ್ತದ್ದು ಇದೇ ಮನೆಯ ಮಹಡಿಯಲ್ಲಿ, ಮುಪ್ಪಾಗಿ, ಮಂಚದ ಮೇಲೆ. ಕೊನೆಯ ದಿನಗಳಲ್ಲಿ ಗಂಜಿ ಕುಡಿಸಿದವಳು ಹಿಲ್ಡಾಳೇ. ಅವಳು ಒಂದನ್ನೊಂದು ಕೂಡಿಸಿಕೊಂಡಳು: ಒಗೆದರೂ ಆತ ಪ್ರತಿ ಸಲ ಮರಳಿ ಬಂದ. ಅದು ಅಷ್ಟು ಸುಲಭವಾಗಿ ಕೂಡಿದ್ದು ನೋಡಿ ಅವಳಿಗೆ ಕೋಪ ಬಂತು. "ಎಲ್ಲ ಗೊತ್ತಿದ್ದೂ ಅವತ್ತು ಎಲ್ಲರ ಮುಂದೆ ನನಗೆ ಹಾಗಂದ್ರಲ್ಲ ಅತ್ತೆ!"

"ಯಾರಿಗಾದ್ರೂ ಅನ್ನಬೇಕಿತ್ತು" ಎಂದಳು ಥರ್ಜಾ. "ಜರ್ಮನಿಯೋನು ಕೈಗೆ ಸಿಗ್ಲಿಲ್ಲ. ನೀನು ಸಿಕ್ದೆ." ಮೂಗು ಒರೆಸಿಕೊಂಡಳು. "ತಪ್ಪಾಯ್ತು ಕಣೇ." ಇಷ್ಟು ವರ್ಷದಲ್ಲಿ ಆ ಬಾಯಿಂದ ಆ ಮಾತು ಬಂದದ್ದಿಲ್ಲ, ಬಂದ ಮೇಲೆ ಇಬ್ಬರಿಗೂ ಅದನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಥರ್ಜಾಳೇ ಮುಂದುವರಿಸಿದಳು. "ಆ ಪೆಟ್ಟಿಗೇಲಿ ಕೊಳೀತಾ ಬಿದ್ದಿದೆಯಲ್ಲ, ತಗೊಂಡ್ಬಾ ಅದನ್ನ. ನನ್ನ ಹಾಸಿಗೆಗೆ ಹಾಕು. ನನಗಿನ್ನು ಹೊಲಿಗೆ ಮೇಲೆ ಮಲಗಕ್ಕಾಗಲ್ಲ."

ಹಿಲ್ಡಾ ಮಹಡಿಗೆ ಹೋಗಿ ಸಿರಿಲ್‌ನ ದುಪ್ಪಟಿ ತಂದು ಮೇಜಿನ ಮೇಲೆ ಬಿಡಿಸಿದಳು. ಕರ್ಪೂರದ ಗುಳಿಗೆಯ ವಾಸನೆ ಬಡಿಯಿತು. ಮಡಿಕೆಯ ಗೆರೆಗಳಲ್ಲೆಲ್ಲ ಹಳದಿ ಕೂತಿತ್ತು. "ಹೀಗೇ ಹಾಕಕ್ಕಾಗಲ್ಲ ಅತ್ತೆ. ಒಂದು ನೀರಲ್ಲಿ ಹಾಕಿ ತೆಗೀಬೇಕು" ಎಂದವಳು ಅಲ್ಲೇ ತಡೆದಳು. ವಾಲ್ಟರ್ ಬೆಳಿಗ್ಗೆ ತಾನೇ ಹೋಗಿದ್ದ; ಹಡಗು ಈಗಷ್ಟೇ ನದಿಯ ಬಾಯಿ ದಾಟಿರುತ್ತದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಥರ್ಜಾ ಮೊಣಕಾಲು ಹಿಡಿದುಕೊಂಡು ಎದ್ದು, ಹೋಗಿ ಹಿತ್ತಲ ಬಾಗಿಲು ಮುಚ್ಚಿ, ಅಗುಳಿ ಹಾಕಿ, ಅಭ್ಯಾಸಕ್ಕೆ ಒಮ್ಮೆ ಅದರ ಕಬ್ಬಿಣ ಮುಟ್ಟಿ ಬಂದಳು. "ನೀರು ಕಾಯಿಸು" ಎಂದಳು.

ಹಂಡೆ ಕುದಿಯತೊಡಗಿದಾಗ ಗೋಡೆಯಾಚೆಯಿಂದ ಮೇಬಲ್‌ಳ ದನಿ ಬಂತು: "ಹಿಲ್ಡಾ, ನಿಮ್ಮನೇಲಿ ಆವಿ ಬರ್ತಿದೆಯಲ್ಲೇ, ಏನ್ ಕಾಯಿಸ್ತಿದೀರಿ?" ಹಿಲ್ಡಾ ತುಟಿ ಕಚ್ಚಿಕೊಂಡಳು. ಕಿವಿ ಕೇಳದ ಥರ್ಜಾ ಬಾಗಿಲ ಕಡೆ ತಿರುಗಿ, "ಸಾರು ಕಣೇ, ಮೀನಿನ ಸಾರು!" ಎಂದು ಕೂಗಿದಳು. ಒಗೆದಾದ ಮೇಲೆ ದುಪ್ಪಟಿಯ ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದನ್ನು ಸೊಸೆಯ ಕೈಗೆ ಕೊಟ್ಟಳು. ಇಬ್ಬರೂ ಎದುರುಬದುರು ನಿಂತು, ಒಬ್ಬಳು ಎಡಕ್ಕೆ ಒಬ್ಬಳು ಬಲಕ್ಕೆ ತಿರುಚಿ, ನೀರು ಪೂರ್ತಿ ಇಳಿಯುವ ತನಕ ಹಿಂಡಿದರು.